ರಾವ್ನಾ ಕೊಟ್ಟ ಹಲ್ಲಿನ ಸಾರಂಗ

ರಾವ್ನಾಳ ಎಡಗಾಲಿನಲ್ಲಿ ಕಿರುಬೆರಳಿಲ್ಲ, ಅದರ ಪಕ್ಕದ್ದೂ ಇಲ್ಲ. ಯಾಕೆಂದು ಕೇಳಿದವರಿಗೆ ಅವಳು ನಿಜ ಹೇಳಿದ್ದನ್ನು ಯಾರೂ ಕೇಳಿಲ್ಲ. ಪೇಟೆಯಿಂದ ಬಂದ ದಾದಿ ಕೇಳಿದಾಗ "ನಾಯಿ ತಿಂತು" ಅಂದಳು. ಚರ್ಚಿನ ಅಂಗಳದಲ್ಲಿ ಸಿಕ್ಕ ವಿಧುರನೊಬ್ಬ ಸಲಿಗೆಯಿಂದ ಕೇಳಿದಾಗ, "ನಿನ್ನಂಥೋನೇ ಒಬ್ಬ ಹೆಣ್ಣು ಕೇಳ್ಕೊಂಡು ಬಂದಿದ್ದ. ಪೂರ್ತಿ ಕೊಡೋಕಾಗಲ್ಲ ಅಂತ ಎರಡು ಬೆರಳು ಕೊಟ್ಟು ಕಳಿಸ್ದೆ" ಅಂದಳು. ಅವನು ಮತ್ತೆ ನಮ್ಮ ಹಟ್ಟಿಯ ಕಡೆ ತಲೆಹಾಕಲಿಲ್ಲ.

ನಿಜ ಗೊತ್ತಿರುವುದು ನಮ್ಮ ಹಟ್ಟಿಯವರಿಗೆ. ಅದು ಮೀಸಲು ಕಣಿವೆ ಹೆಪ್ಪುಗಟ್ಟಿದ ಚಳಿಗಾಲದ ಕತೆ. ಆದರೆ ಅದನ್ನು ಹೇಳಬೇಕಾದರೆ ಒಂದು ಮಗುವಿನ ಹಲ್ಲಿನಿಂದ ಶುರುಮಾಡಬೇಕು.

ಆಗ ರಾವ್ನಾ ತಮ್ಮ ಇಸ್ಸಾತನ ಗುಡಾರದಲ್ಲಿ ಇದ್ದಳು. ಮದುವೆ ಯಾಕೆ ಆಗಲಿಲ್ಲ ಎನ್ನುವುದು ಅವಳ ವಿಷಯ, ನನಗೂ ಬೇಡ ನಿಮಗೂ ಬೇಡ. ಹಿಂಡು ಕಾಯುವುದರಲ್ಲಿ ಗಂಡಸರಿಗೆ ಸಮ, ಬೈಯುವುದರಲ್ಲಿ ಗಂಡಸರಿಗಿಂತ ಒಂದು ಕೈ ಮೇಲು. ಬೆಳಗ್ಗೆ ಕಣ್ಣು ಬಿಟ್ಟೊಡನೆ ಒಲೆಯನ್ನು ಬೈಯುವಳು, ಆಮೇಲೆ ನಾಯಿಯನ್ನು, ಆಮೇಲೆ ತಮ್ಮನನ್ನು. ತಮ್ಮನ ಹೆಂಡತಿ ಗಾರೆನ್ ಮಾಡಿದ ಕಾಫಿಯನ್ನು ಅವಳು ಒಂದು ದಿನವೂ ಚೆನ್ನಾಗಿದೆ ಅಂದವಳಲ್ಲ, ಒಂದು ದಿನವೂ ಬಟ್ಟಲಲ್ಲಿ ಉಳಿಸಿದವಳೂ ಅಲ್ಲ. ಗಾರೆನ್ ಬೇರೆ ಹಟ್ಟಿಯಿಂದ ಬಂದ ಮೆತ್ತನೆಯ ಹೆಣ್ಣು. ಮೊದಲ ವರ್ಷ ಅಳುತ್ತಿದ್ದಳು, ಎರಡನೆಯ ವರ್ಷದಿಂದ ಅತ್ತಿಗೆಯ ಬೈಗುಳ ಕೇಳದಿದ್ದರೆ ಬೆಳಗಾಯಿತು ಅನ್ನಿಸುತ್ತಿರಲಿಲ್ಲ.

ಉತ್ತರದ ಹಿಮನಾಡಿನ ನಮ್ಮ ಸಾಮಿ ಜನರಲ್ಲಿ ಎಳೆಗೂಸಿನ ಮೊದಲ ಹಲ್ಲನ್ನು ಯಾರು ಮೊದಲು ಕಾಣುತ್ತಾರೋ ಅವರು ಕೂಸಿಗೆ ಒಂದು ಹಿಮಸಾರಂಗ ಕೊಡಬೇಕು. ಹಲ್ಲಿನ ಸಾರಂಗ ಅನ್ನುತ್ತೇವೆ. ಅದರ ಕಿವಿಯ ಅಂಚಿನಲ್ಲಿ ಕೂಸಿನ ಗುರುತು ಕೊಯ್ದರೆ ಮುಗಿಯಿತು, ಅದು ಕೂಸಿನದು, ಅದು ಹಾಕುವ ಮರಿಗಳೂ ಕೂಸಿನವೇ. ಮಕ್ಕಳ ಹಿಂಡು ಶುರುವಾಗುವುದೇ ಹೀಗೆ.

ಹಟ್ಟಿಯ ಹಿರಿಯ ಆಸ್ಲಾಕ್, ರಾವ್ನಾಳ ಅಪ್ಪನ ಅಣ್ಣ. ಅವನ ಬಳಿ ಎಷ್ಟು ಸಾರಂಗಗಳಿದ್ದವೆಂದು ಹೇಳಲಾರೆ, ಅದನ್ನು ಕೇಳುವುದೇ ನಮ್ಮಲ್ಲಿ ಮರ್ಯಾದೆಗೇಡು. ಅವನ ಹಿಂಡು ಗುಡ್ಡ ಇಳಿಯತೊಡಗಿದಾಗ ಕಾಫಿಗಿಟ್ಟರೆ, ಕಾಯಿಸಿ ಕುಡಿದು ಬಟ್ಟಲು ಒರೆಸಿಟ್ಟರೂ ಹಿಂಡಿನ ಬಾಲ ಕಾಣುತ್ತಿರಲಿಲ್ಲ ಎಂದಷ್ಟೇ ಹೇಳುತ್ತೇನೆ. ಇಂಥ ಮನುಷ್ಯ ಜನ್ಮದಲ್ಲಿ ಎಳೆಗೂಸಿನ ಬಾಯಿಯ ಕಡೆ ನೋಡಿದವನಲ್ಲ! ಕೂಸು ನಕ್ಕರೆ ಮುಖ ಆಚೆ ತಿರುಗಿಸುವನು, ಅತ್ತರೆ ಹೊಗೆ ಜಾಸ್ತಿಯಾಯಿತೆಂದು ಎದ್ದು ಹೊರಗೆ ಹೋಗುವನು. "ದೊಡ್ಡಪ್ಪ, ಕೂಸು ಆಕಳಿಸ್ತಿದೆ, ಬೇಗ ಕಣ್ಣು ಮುಚ್ಕೊಳ್ಳಿ!" ಎಂದು ರಾವ್ನಾ ಪಕ್ಕದ ಗುಡಾರಕ್ಕೂ ಕೇಳುವಂತೆ ಕೂಗುತ್ತಿದ್ದಳು. ಮುದುಕ ಕೇಳಿಸದವನಂತೆ ಕುಳಿತಿರುತ್ತಿದ್ದ.

ಗಾರೆನ್ ಹೆಣ್ಣು ಹೆತ್ತಳು. ಇಂಗಾ ಎಂದು ಹೆಸರಿಟ್ಟರು. ಕೂಸಿಗೆ ತಲೆ ನಿಲ್ಲುವ ಮೊದಲೇ ರಾವ್ನಾ ಹೊತ್ತುಹೊತ್ತಿಗೂ ಅದರ ಬಾಯಿಗೆ ಬೆರಳಿಟ್ಟು ಒಸಡು ಸವರತೊಡಗಿದಳು.

"ಅತ್ತಿಗೆ, ಅದು ಕೂಸು. ಕಾಫಿ ಚೀಲ ಅಲ್ಲ, ಹೋಗ್ತಾ ಬರ್ತಾ ಕೈಹಾಕೋಕೆ" ಅಂದಳು ಗಾರೆನ್.

"ನೀನು ಸುಮ್ನಿರೇ. ನಿನ್ ತವರಿನವರು ಯಾರಾದ್ರೂ ಬಂದು ಮೊದಲು ನೋಡ್ಬಿಟ್ರೆ? ಒಂದು ಕುಂಟು ಸಾರಂಗ ಕೊಟ್ಟು ಕೈತೊಳ್ಕೋತಾರೆ."

ಒಂದು ದಿನ ಬೆರಳಿಗೆ ಚುರುಕ್ಕೆಂದು ತಗುಲಿತು. ರಾವ್ನಾ ಕೂಸನ್ನು ಎತ್ತಿಕೊಂಡು ಬರಿಗಾಲಲ್ಲಿ ಹೊರಗೋಡಿ, "ನಾನು! ನಾನು ನೋಡಿದ್ದು!" ಎಂದು ಹಟ್ಟಿಗೆಲ್ಲ ಸಾರಿದಳು. ಕೊಟ್ಟದ್ದು ಯಾವುದನ್ನು ಅಂತೀರಿ? ಇದ್ದ ಬೆರಳೆಣಿಕೆಯ ಸಾರಂಗಗಳಲ್ಲಿ ಒಂದೇ ಒಂದು ಒಳ್ಳೆಯ ತಳಿಯ ಎಳೆ ಹೆಣ್ಣಿತ್ತು. ರಾವ್ನಾಳಿಗೆ ಹಲ್ಲು ಬಂದಾಗ ಅವಳ ದೊಡ್ಡಮ್ಮ ಕೊಟ್ಟಿದ್ದ ಸಾರಂಗದ ವಂಶದ್ದು. ಅದನ್ನೇ ಕೊಟ್ಟಳು. ಮೈ ಬೂದು, ಮೂತಿ ಮಾತ್ರ ಹಾಲಿನಲ್ಲಿ ಅದ್ದಿದ ಹಾಗೆ. ಬಿಳಿಮೂತಿ ಎಂದೇ ಹೆಸರಾಯಿತು.

"ಇರೋ ಒಂದು ಒಳ್ಳೇದನ್ನೂ ಕೊಟ್ಬಿಟ್ಟೆಯಲ್ಲೇ, ತಲೇಲಿ ಏನಾದ್ರೂ ಇದೆಯಾ?" ಎಂದು ಆಸ್ಲಾಕ್ ಬೈದ.

"ನಿಮಗೆ ಕಣ್ಣು ಕಾಣ್ಸಲ್ಲ ಅಂತ ನಾನೂ ಕುರುಡಿ ಆಗ್ಬೇಕಾ ದೊಡ್ಡಪ್ಪ?"

ಬಿಳಿಮೂತಿ ರಾವ್ನಾಳ ಕೈಯಲ್ಲೇ ಬೆಳೆಯಿತು. ಸಾರಂಗಗಳ ಚಳಿಗಾಲದ ಮೇವಾದ ಕಲ್ಲುಹೂವನ್ನು ಅಂಗೈಯಿಂದ ತಿನ್ನುವುದು ಕಲಿಯಿತು, ಕೊರಳಿಗೆ ಗಂಟೆ ಕಟ್ಟಿಸಿಕೊಂಡಿತು, ಹಗ್ಗ ಹಿಡಿದರೆ ಹಿಂದೆಯೇ ಬರುತ್ತಿತ್ತು. ಹಿಂಡಿನ ಮುಂದೆ ನಡೆಯುತ್ತಿದ್ದುದು ಆಸ್ಲಾಕನ ದೊಡ್ಡ ಹೋರಿಸಾರಂಗ. ಅದರ ಪಕ್ಕದಲ್ಲಿ ಬಿಳಿಮೂತಿ. ಆದರೆ ಮರಿಗಳ ಯೋಗ ಅದಕ್ಕಿರಲಿಲ್ಲ. ಒಂದನ್ನು ಹದ್ದು ಒಯ್ದಿತು, ಒಂದು ವಸಂತದ ಹೊಳೆಯಲ್ಲಿ ಕೊಚ್ಚಿಹೋಯಿತು. ಇಂಗಾ ಆರನೆಯ ವರ್ಷಕ್ಕೆ ಬಿದ್ದ ಆ ಚಳಿಗಾಲದಲ್ಲಿ ಬಿಳಿಮೂತಿ ಮತ್ತೆ ಗಬ್ಬವಾಗಿತ್ತು. ಇಂಗಾಳ ಪಾಲಿಗೆ ಆಸ್ತಿ ಅಂತ ಇದ್ದದ್ದು ಅದೊಂದು ಪ್ರಾಣಿ ಮತ್ತು ಅದರ ಹೊಟ್ಟೆ. ರಾವ್ನಾ ಮಲಗಿದರೂ ಎದ್ದರೂ ಆ ಹೊಟ್ಟೆಯದೇ ಯೋಚನೆ ಮಾಡುತ್ತಿದ್ದಳು.

ನಮ್ಮ ಚಳಿಗಾಲದ ಬಯಲಿನ ಅಂಚಿನಲ್ಲಿ ಒಂದು ಕಣಿವೆಯಿದೆ. ಸುತ್ತ ಬರ್ಚ್ ಮರ, ನಡುವೆ ಗಾಳಿ ತಗುಲದ ಆಳವಾದ ಹಿಮ, ಹಿಮದ ಕೆಳಗೆ ಮೊಣಕಾಲಿಗೆ ಮೆತ್ತಗಾಗುವಷ್ಟು ಕಲ್ಲುಹೂ. ನಡುಚಳಿಗಾಲದಲ್ಲಿ ವಾರಗಟ್ಟಲೆ ಮುಖ ತೋರದ ಸೂರ್ಯ ಮರಳಿ ಮೇಲೇರುವವರೆಗೆ ಅದರೊಳಗೆ ನಾಯಿಯನ್ನೂ ಬಿಡುವುದಿಲ್ಲ. ಹಿಂಡು ಒಮ್ಮೆ ತುಳಿದ ಹಿಮ ಗಟ್ಟಿಯಾಗುತ್ತದೆ, ಮತ್ತೆ ಸಾರಂಗದ ಗೊರಸಿಗೆ ಬಗ್ಗುವುದಿಲ್ಲ. ಅದಕ್ಕೇ ಅದು ಮೀಸಲು ಕಣಿವೆ. ಬೇರೆಲ್ಲ ತಿಂದು ಮುಗಿದ ಮೇಲೆ ಹೊಟ್ಟೆಗಾಗುವ ಗಂಟು.

ಆ ವರ್ಷ ನಡುಚಳಿಗಾಲದಲ್ಲಿ ಪಡುವಲಿನಿಂದ ಬೆಚ್ಚನೆ ಗಾಳಿ ಬೀಸಿತು. ಗಾಳಿಯ ಹಿಂದೆ ಮಳೆ. ಥೂ, ಆ ಮಳೆಯ ಸದ್ದು ಗುಡಾರದ ಮೇಲೆ ಕೇಳಿದರೆ ಈಗಲೂ ಎದ್ದು ಹೊರಗೆ ಹೋಗಿ ಹಿಮ ಮುಟ್ಟಿ ನೋಡುತ್ತೇನೆ. ಹಿಮ ಅತ್ತ ಕರಗಿ ನೀರೂ ಆಗದೆ, ಇತ್ತ ಹಿಮವಾಗಿಯೂ ಉಳಿಯದೆ ಗಂಜಿಯಂತೆ ನಿಂತಿತು. ಅಂಥ ಅರೆಗರಗಿದ ಹಿಮದ ಮೇಲೆ ಚಳಿ ಮರಳಿದರೆ ಅದು ನೆಲಕ್ಕೆ ಅಂಟಿದ ಗಾಜಾಗುತ್ತದೆ. ಚುವೊಹ್ಕಿ ಅನ್ನುತ್ತೇವೆ ಅದಕ್ಕೆ. ಹಸಿದ ಸಾರಂಗಕ್ಕೆ ಕೆಳಗಿನ ಕಲ್ಲುಹೂ ವಾಸನೆ ಬರುತ್ತದೆ, ಬಾಯಿಗೆ ಸಿಗುವುದಿಲ್ಲ.

ಮಳೆ ನಿಂತ ದಿನ ಹಿಂಡಿನ ಕಾವಲು ರಾವ್ನಾಳದು. ಬಯಲಿನ ತೆಳು ಹಿಮವೆಲ್ಲ ಮಳೆಗೆ ನೆನೆದು ನೆಲ ಮುಟ್ಟಿತ್ತು. ಅಲ್ಲಲ್ಲಿ ಆಗಲೇ ಕಾಲಡಿ ಕರಕರ ಎನ್ನುತ್ತಿತ್ತು. ಕಣಿವೆಯ ಹಿಮ ಆಳವಾದ್ದರಿಂದ ಮೇಲಷ್ಟೇ ನೆನೆದಿತ್ತು. ಮುಟ್ಟದೆ ಬಿಟ್ಟಿದ್ದರೆ ಮೇಲೊಂದು ಸಿಪ್ಪೆ ಕಟ್ಟಿ ಒಳಗೆ ಪುಡಿಪುಡಿಯಾಗಿಯೇ ಇರುತ್ತಿತ್ತು. ಇದು ರಾವ್ನಾಳಿಗೆ ಗೊತ್ತಿರಲಿಲ್ಲವೇ? ನಮ್ಮಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು.

ಬಿಳಿಮೂತಿ ಕಣಿವೆಯ ಬಾಯಲ್ಲಿ ಬಂದು ನಿಂತಿತು. ಒಮ್ಮೆ ಕೆರೆಯಿತು, ಮೂತಿಯಿಟ್ಟು ಮೂಸಿತು, ತಿರುಗಿ ರಾವ್ನಾಳನ್ನು ನೋಡಿತು. ಬೆಳಗಿನಿಂದ ಅದರ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ, ಒಳಗೆ ಮರಿ ಬೇರೆ.

"ಒಂದೇ ಒಂದು ಹೊತ್ತು ಕಣೇ. ತಿಂದು ಬಂದ್ಬಿಡ್ಬೇಕು. ಯಾರಿಗೂ ಹೇಳ್ಬೇಡ" ಅಂದು ರಾವ್ನಾ ದಾರಿ ಬಿಟ್ಟು ನಿಂತಳು.

ಒಂದು ಸಾರಂಗ ಹೋದರೆ ಏನು ಮಹಾ ಎಂದುಕೊಂಡಳು. ಕೊರಳಿನ ಗಂಟೆ ಬಿಚ್ಚುವುದನ್ನು ಮರೆತಳು.

ಗಂಟೆ ಕಣಿವೆಯೊಳಗಿನಿಂದ ಟಿಣ್ ಎಂದಿತು. ಆಸ್ಲಾಕನ ಹೋರಿ ತಲೆಯೆತ್ತಿತು. ಮುಂದಾಳಿನ ಗಂಟೆ ಎಲ್ಲಿ ಕೇಳುತ್ತದೋ ಹಿಂಡು ಅಲ್ಲಿಗೆ ಹೋಗಬೇಕು, ಇದನ್ನು ಕಲಿಸಿದವರು ನಾವೇ ಅಲ್ಲವೇ? ಹಿಂಡಿಗೆ ಹಿಂಡೇ ಹೊರಟಿತು. ರಾವ್ನಾ ಕೂಗಿದಳು, ನಾಯಿ ಬಿಟ್ಟಳು, ಕುಣಿಕೆ ಎಸೆದಳು, ಅಡ್ಡ ಬಿದ್ದಳು. ಹೊಳೆಗೆ ಅಡ್ಡ ಬಿದ್ದ ಹಾಗಾಯಿತು. ಎಲ್ಲವನ್ನೂ ಹೊರಗೆ ತರುವ ಹೊತ್ತಿಗೆ ಕಣಿವೆಯ ಈ ಅಂಚಿನಿಂದ ಆ ಅಂಚಿನವರೆಗೆ ಮೇಲಿನ ನೆಂದ ಹಿಮವೂ ಕೆಳಗಿನ ಪುಡಿಹಿಮವೂ ಕಲಸಿ ಕೆಸರಾಗಿತ್ತು. ಮೋಡ ಹರಿದು ನಕ್ಷತ್ರಗಳು ಕಂಡವು, ಅಂದರೆ ಬೆಳಗಾಗುವುದರೊಳಗೆ ಎಲ್ಲ ಹೆಪ್ಪುಗಟ್ಟುವ ಚಳಿ. ನಕ್ಷತ್ರ ಕಂಡದ್ದಕ್ಕೆ ರಾವ್ನಾ ಅತ್ತದ್ದು ಅದೊಂದೇ ಸಲ.

ಮರುದಿನ ಇಡೀ ಹಟ್ಟಿ ಕಣಿವೆಯ ಬಾಯಲ್ಲಿ ನಿಂತಿತ್ತು. ಆಸ್ಲಾಕ್ ಸ್ಕೀ ಕೋಲಿನಿಂದ ಕುಟ್ಟಿದ. ಕಬ್ಬಿಣದ ಬಾಣಲೆ ಕುಟ್ಟಿದ ಸದ್ದು ಬಂತು. ಇನ್ನೊಂದು ಕಡೆ ಕುಟ್ಟಿದ, ಅದೇ ಸದ್ದು.

"ಕಾವಲು ಯಾರ್ದು?"

"ನಂದು" ಅಂದಳು ರಾವ್ನಾ. "ನಾನೇ ಬಿಟ್ಟೆ. ಬಿಳಿಮೂತಿ ಹಸಿದಿತ್ತು."

ಮುದುಕ ಗಡ್ಡದ ಮೇಲಿನ ಮಂಜು ಒರೆಸಿಕೊಂಡ. "ಒಂದರ ಹೊಟ್ಟೆ ತುಂಬಿಸೋಕೆ ಹೋಗಿ ಎಲ್ಲದರ ಹೊಟ್ಟೆ ಮೇಲೂ ಹೊಡೆದೆಯಲ್ಲೇ, ಪುಣ್ಯಾತ್ಗಿತ್ತಿ! ತೋಳ ಬಿದ್ದಿದ್ರೂ ಇದಕ್ಕಿಂತ ವಾಸಿ ಇತ್ತು. ತೋಳ ಹೊಟ್ಟೆ ತುಂಬಿದ್ ಮೇಲೆ ಎದ್ದಾದ್ರೂ ಹೋಗುತ್ತೆ."

ರಾವ್ನಾ ತಲೆತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡಳು, ಒಂದಕ್ಕೂ ಎದುರಾಡಲಿಲ್ಲ.

ಅಂದಿನಿಂದ ಅವಳ ಬಾಯಿ ಕಟ್ಟಿಹೋಯಿತು. ಬೆಳಗ್ಗೆ ಎದ್ದರೆ ಒಲೆಗೆ ಬೈಗುಳವಿಲ್ಲ, ನಾಯಿಗೂ ಇಲ್ಲ. ಗಾರೆನ್ ಬೇಕೆಂದೇ ಕಾಫಿಯನ್ನು ಸೀಯಿಸಿ ಕೊಟ್ಟಳು. ರಾವ್ನಾ ಸುಮ್ಮನೆ ಕುಡಿದು ಬಟ್ಟಲು ಕೆಳಗಿಟ್ಟಳು.

"ಅತ್ತಿಗೆ, ಯಾರಿಗಾದ್ರೂ ಒಂದು ಮಾತು ಬೈರಿ" ಅಂದಳು ಗಾರೆನ್, ಕಣ್ಣಲ್ಲಿ ನೀರು ತಂದುಕೊಂಡು. "ನನಗೇ ಬೈರಿ. ನೀವು ಹೀಗೆ ಇದ್ರೆ ಮನೇಲಿ ಸಾವಾದಂಗೆ ಇರುತ್ತೆ."

ಸಾವು ಹೊರಗಿತ್ತು. ಸಾರಂಗಗಳು ಗಾಜಿನಂಥ ನೆಲ ಕೆರೆದು ಕೆರೆದು ಗೊರಸು ಸೀಳಿಕೊಂಡವು. ಮೊದಲು ಮರಿಗಳು ಬಿದ್ದವು, ಆಮೇಲೆ ಮುದಿಯವು. ರಾವ್ನಾಳ ಗುರುತಿನವು ಒಂದೊಂದಾಗಿ ಹೋದವು. ಯಾರದು ಸತ್ತಿತೆಂಬ ಲೆಕ್ಕಕ್ಕೆ ನಾವು ಗುರುತಿನ ಕಿವಿ ಇಟ್ಟುಕೊಳ್ಳುತ್ತೇವೆ, ಅವಳು ಹೋಗಿ ಕೊಯ್ದು ತಂದಳು. ಆಸ್ಲಾಕನ ದೊಡ್ಡ ಹೋರಿ ಹೆಪ್ಪಿನ ಮೇಲೆ ಜಾರಿ ತೊಡೆ ಮುರಿದುಕೊಂಡಿತು. ಅದನ್ನು ಮುಗಿಸಿ ಬಂದ ಮುದುಕ ಗುಡಾರದ ಬಟ್ಟೆಯ ಕಡೆ ಮುಖಮಾಡಿ ಮಲಗಿಬಿಟ್ಟ.

ಉಳಿದ ದಾರಿ ಒಂದೇ. ಬಯಲಿನ ಆಚೆ ತಗ್ಗಿನಲ್ಲಿ ಹಳೆಯ ಪೈನ್ ಕಾಡು. ಅಲ್ಲಿಯ ಮುದಿಮರಗಳ ಕೊಂಬೆಯಿಂದ ಕಪ್ಪು ಕಲ್ಲುಹೂ ಗಡ್ಡದಂತೆ ಜೋತಾಡುತ್ತದೆ. ಮರ ಕೆಡವಿದರೆ ಸಾರಂಗ ತಿನ್ನುತ್ತದೆ. ಆದರೆ ನಡುವಿನ ಬಯಲೆಲ್ಲ ಸಿಪ್ಪೆ ಕಟ್ಟಿದ ಹಿಮ. ಕಾಲಿಟ್ಟರೆ ಮೊದಲು ತಾಳುತ್ತದೆ, ಭಾರ ಬಿಟ್ಟೊಡನೆ ಒಡೆಯುತ್ತದೆ. ಒಡೆದ ಅಂಚು ಕತ್ತಿಯಂತೆ ಮುಂಗಾಲು ಕೊಯ್ಯುತ್ತದೆ. ಹಿಂದೆ ಬರುವವಕ್ಕೆ ಒಡೆದ ದಾರಿ ಸಿಗುತ್ತದೆ, ಮುಂದೆ ಹೋಗುವುದಕ್ಕೆ ಉಳಿಗಾಲವಿಲ್ಲ. ಹಿಮದ ಮೇಲೆ ಓಡುವ ಸ್ಕೂಟರುಗಳು ಆಗಿನ್ನೂ ನಮ್ಮ ಕಡೆ ಬಂದಿರಲಿಲ್ಲ.

"ಹೋಗೋಣ ಅಂತೀರಲ್ಲ, ಮುಂದೆ ಯಾವುದನ್ನ ಬಿಡ್ತೀರಿ? ನನ್ನ ಹೋರಿ ಇದ್ದಿದ್ರೆ..." ಎಂದು ಆಸ್ಲಾಕ್ ತನ್ನ ಗುಡಾರದಲ್ಲಿ ಸೇರಿದವರಿಗೆ ಮಲಗಿದಲ್ಲಿಂದಲೇ ಅಂದ.

"ಬಿಳಿಮೂತಿ ಹೋಗುತ್ತೆ."

ಎಲ್ಲರೂ ತಿರುಗಿ ನೋಡಿದರು. ಅಷ್ಟು ದಿನಗಳಲ್ಲಿ ರಾವ್ನಾ ಆಡಿದ ಮೊದಲ ಮಾತು ಅದು.

"ಅಕ್ಕ, ಅದು ಗಬ್ಬ" ಅಂದ ಇಸ್ಸಾತ್. "ಅದೂ ಅಲ್ಲದೆ ಅದು ನಿಂದೂ ಅಲ್ಲ, ನಂದೂ ಅಲ್ಲ."

ಹೌದು. ಕೊಟ್ಟ ಸಾರಂಗವನ್ನು ಮಗುವನ್ನು ಕೇಳದೆ ಮುಟ್ಟುವ ಹಾಗಿಲ್ಲ. ಮಗು ಎಷ್ಟೇ ಚಿಕ್ಕದಿರಲಿ. ಇಂಗಾಳನ್ನು ಕರೆದರು. ದೊಡ್ಡವರೆಲ್ಲ ತನ್ನ ಮುಖವನ್ನೇ ನೋಡುವುದು ಕಂಡು ಹುಡುಗಿ ಅಂಗಿಯ ಅಂಚು ಬಾಯಿಗಿಟ್ಟುಕೊಂಡಳು.

"ಬಿಳಿಮೂತೀನ ಕರ್ಕೊಂಡು ಹೋಗ್ಬೇಕು ಕಂದ. ಎಲ್ಲಾ ಸಾರಂಗಗಳೂ ಅದರ ಹಿಂದೆ ಬರ್ತವೆ" ಅಂದಳು ರಾವ್ನಾ.

"ವಾಪಸ್ ಕರ್ಕೊಂಡ್ ಬರ್ತೀಯಾ ಅತ್ತೆ?"

ಹುಡುಗಿ ಜಗಿದು ಒದ್ದೆ ಮಾಡಿದ ಅಂಗಿಯ ಅಂಚನ್ನು ರಾವ್ನಾ ಬಿಡಿಸಿ ನೇರ ಮಾಡಿದಳು. "ಬರ್ತೀನಿ" ಅಂದಳು. ಇಂಗಾ ತಾನೇ ಹೋಗಿ, ಕಣಿವೆಯ ಆ ದಿನದ ನಂತರ ಬಿಚ್ಚಿಟ್ಟಿದ್ದ ಗಂಟೆ ತಂದುಕೊಟ್ಟಳು.

ಬೆಳಕು ಹರಿಯುವುದೆಂದರೆ ಆ ಕಾಲದಲ್ಲಿ ಆಕಾಶದ ಅಂಚು ನೀಲಿಯಾಗುವುದಷ್ಟೇ. ಆ ನೀಲಿಯಲ್ಲಿ ಹೊರಟರು. ಎಲ್ಲರಿಗೂ ಮುಂದೆ ಸ್ಕೀ ಮೇಲೆ ರಾವ್ನಾ, ಅವಳ ಹಗ್ಗದ ತುದಿಯಲ್ಲಿ ಬಿಳಿಮೂತಿ, ಅದರ ಗಂಟೆಯ ಹಿಂದೆ ಹಿಂಡು, ಕೊನೆಯಲ್ಲಿ ಗಂಡಸರು ಮತ್ತು ನಾಯಿಗಳು. ಬಿಳಿಮೂತಿ ಕಾಲಿಡುವುದು, ಸಿಪ್ಪೆ ಒಡೆಯುವುದು, ಎದೆಯಿಂದ ನೂಕಿ ಇನ್ನೊಂದು ಕಾಲಿಡುವುದು. ಸ್ವಲ್ಪ ಹೊತ್ತಿನಲ್ಲೇ ಬಿಳಿ ಹಿಮದ ಮೇಲೆ ಕೆಂಪು ಚುಕ್ಕೆಗಳು ಕಂಡವು.

ರಾವ್ನಾ ನಿಂತಳು. ನಮ್ಮ ತುಪ್ಪಳದ ಕಾಲ್ಚೀಲದಂಥ ಬೂಟುಗಳಿಗೆ ಮೇಲೆ ನೇಯ್ದ ಪಟ್ಟಿ ಸುತ್ತುತ್ತೇವೆ, ಹಿಮ ಒಳಗೆ ಇಳಿಯದ ಹಾಗೆ. ಅವಳ ಪಟ್ಟಿಗಳು ಕೆಂಪು ಹಳದಿ ನೀಲಿಯವು, ತಾನೇ ನೇಯ್ದವು. ಹಬ್ಬಕ್ಕೆ ಚರ್ಚಿಗೆ ಹೋದರೆ ಹೆಂಗಸರು ಬಗ್ಗಿ ನೋಡುವಂಥವು. ಎರಡನ್ನೂ ಬಿಚ್ಚಿ ಬಿಳಿಮೂತಿಯ ಮುಂಗಾಲುಗಳಿಗೆ ಬಿಗಿಯಾಗಿ ಸುತ್ತಿದಳು. ತನ್ನ ಬೂಟಿನ ಬಾಯಿಗೆ ಹಗ್ಗದ ತುಂಡು ಕಟ್ಟಿಕೊಂಡಳು.

"ಅಕ್ಕ, ಕಾಲು ಹೋಗುತ್ತೆ!" ಎಂದು ಇಸ್ಸಾತ್ ಹಿಂದಿನಿಂದ ಕೂಗಿದ. ಅವಳು ತಿರುಗಿ ನೋಡಲಿಲ್ಲ.

ಮರುದಿನ, ಕಾಡಿನ ಕಪ್ಪು ಗೆರೆ ಕಾಣುವ ಕೊನೆಯ ಏರಿನಲ್ಲಿ ಬಿಳಿಮೂತಿ ಮೊಣಕಾಲೂರಿ ಮಲಗಿತು. ಗಂಟೆ ನಿಂತಿತು. ಗಂಟೆ ನಿಂತೊಡನೆ ಹಿಂಡೂ ನಿಂತಿತು. ಗಾಳಿ ಏಳುತ್ತಿತ್ತು, ನಿಂತ ಹಿಂಡು ಗಾಳಿಗೆ ಎದುರಾಗಿ ತಿರುಗಿ ಬಯಲಿಗೆ ಚದುರಿದರೆ ಮತ್ತೆ ಕೂಡಿಸುವ ಶಕ್ತಿ ಯಾರಿಗೂ ಉಳಿದಿರಲಿಲ್ಲ. ಆಸ್ಲಾಕ್ ಏದುಸಿರು ಬಿಡುತ್ತ ಮುಂದೆ ಬಂದ. ಬಿಳಿಮೂತಿಯನ್ನು ನೋಡಿದ, ಅದರ ಕಾಲಿನ ಪಟ್ಟಿಗಳನ್ನು ನೋಡಿದ. ಬಣ್ಣ ಯಾವುದು ರಕ್ತ ಯಾವುದು ತಿಳಿಯುತ್ತಿರಲಿಲ್ಲ.

"ಒಂದು ರಾತ್ರಿ ಮಲಗೋಕೆ ಬಿಟ್ರೆ ಇದು ಉಳಿಯುತ್ತೆ" ಅಂದ, ಮೆಲ್ಲಗೆ. "ಎಬ್ಬಿಸಿದ್ರೆ ಉಳಿಯಲ್ಲ. ನನ್ನನ್ನ ಕೇಳ್ಬೇಡ, ನಾನು ಹೇಳಲ್ಲ."

ರಾವ್ನಾಳ ಹೆಗಲಿನ ಚೀಲದಲ್ಲಿ ಬಿಳಿಮೂತಿಗೆಂದೇ ತಂದ ಒಂದು ಹಿಡಿ ಕಲ್ಲುಹೂ ಇತ್ತು. ಅದನ್ನು ತಿನ್ನಿಸಿ, ತನ್ನ ಮೈಯ ತುಪ್ಪಳ ಹೊದಿಸಿ, ಗಾಳಿಗೆ ಬೆನ್ನುಕೊಟ್ಟು ಪಕ್ಕದಲ್ಲೇ ಕುಳಿತರೆ ಸಾಕು. ಅದೂ ಉಳಿಯುತ್ತದೆ, ಮರಿಯೂ ಉಳಿಯುತ್ತದೆ, ಇಂಗಾಳಿಗೆ ಕೊಟ್ಟ ಮಾತೂ ಉಳಿಯುತ್ತದೆ. ಅವಳ ಕೈ ಚೀಲದವರೆಗೆ ಹೋಯಿತು. ಹಿಂದೆ ತಿರುಗಿ ನೋಡಿದಳು. ಎಲುಬು ಎಣಿಸಬಹುದಾದ ಪ್ರಾಣಿಗಳು, ತಲೆ ತಗ್ಗಿಸಿ, ಗಂಟೆಯ ಸದ್ದಿಗೆ ಕಾಯುತ್ತ ನಿಂತಿದ್ದವು.

ಚೀಲ ಬಿಟ್ಟು ಕೋಲು ಎತ್ತಿಕೊಂಡಳು.

"ಎದ್ದೇಳೇ" ಅಂದಳು. "ಅವತ್ತು ನಿನ್ನ ಮುಖ ನೋಡಿ ಇವುಗಳನ್ನೆಲ್ಲಾ ಕೊಂದೆ. ಇವತ್ತು ನೋಡಲ್ಲ. ಎದ್ದೇಳೇ ನನ್ನವ್ವ."

ಒಂದು ದಿನವೂ ಗದರಿಕೆ ಕೂಡ ಅರಿಯದ ಪ್ರಾಣಿಗೆ ಕೋಲಿನಿಂದ ಹೊಡೆದಳು. ಮತ್ತೆ ಹೊಡೆದಳು. ಹೊಡೆಯುತ್ತ ದೊಡ್ಡ ದನಿಯಲ್ಲಿ ಅಳುತ್ತಿದ್ದಳು, ಅದನ್ನು ಮುಚ್ಚಿಡಲೂ ಇಲ್ಲ. ಬಿಳಿಮೂತಿ ಅವಳನ್ನೊಮ್ಮೆ ನೋಡಿತು. ಹಿಂಗಾಲು ಮೊದಲು, ಆಮೇಲೆ ಮುಂಗಾಲು, ಎದ್ದು ನಿಂತಿತು. ಗಂಟೆ ಟಿಣ್ ಎಂದಿತು. ಹಿಂಡು ನಡೆಯಿತು.

ಕಾಡು ಮುಟ್ಟಿದೊಡನೆ ಗಂಡಸರು ಕೊಡಲಿ ಹಿಡಿದರು. ಮೊದಲ ಮರ ಉರುಳಿದೊಡನೆ ಸಾರಂಗಗಳು ಅದರ ಮೇಲೆ ಬಿದ್ದವು. ಬಿಳಿಮೂತಿಗೆ ರಾವ್ನಾ ತನ್ನ ಕೈಯಿಂದಲೇ ಮರದ ಗಡ್ಡ ಕಿತ್ತು ಕೊಟ್ಟಳು. ಅದು ಬಾಯಲ್ಲಿಟ್ಟುಕೊಂಡಿತು, ಜಗಿಯಲಿಲ್ಲ. ಕಾಲು ಮಡಚಿ ಮಲಗಿತು. ಕತ್ತಲಾಗುವ ಮೊದಲು ಅದರ ನರಳಾಟ ನೋಡಲಾರದೆ ಇಸ್ಸಾತ್ ಚಾಕು ತೆಗೆದ. "ಆಚೆ ಇರು" ಎಂದು ರಾವ್ನಾ ಅವನ ಕೈಯಿಂದ ಚಾಕು ತೆಗೆದುಕೊಂಡಳು. ಒಂದ್ಸಲಕ್ಕೇ ಮುಗಿಸಿದಳು. ಆಮೇಲೆ ಎರಡು ಕಿವಿ ಕೊಯ್ದು ಒರೆಸಿ, ಎದೆಯ ಬಳಿ ಅಂಗಿಯೊಳಗೆ ಇಟ್ಟುಕೊಂಡಳು.

ಹೆಂಗಸರು ಮಕ್ಕಳು ಜಾರುಬಂಡಿಗಳಲ್ಲಿ ಗುಡಾರ ಹೇರಿಕೊಂಡು ಅದೇ ದಾರಿಯಲ್ಲಿ ಬಂದರು. ಇಂಗಾ ಬಂಡಿಯಿಂದ ಧುಮುಕಿ ಓಡಿಬಂದಳು. ರಾವ್ನಾ ಮೊದಲು ಗಂಟೆಯನ್ನು ಅವಳ ಕೈಗಿಟ್ಟಳು, ಆಮೇಲೆ ಕಿವಿಗಳನ್ನು.

"ಇಷ್ಟೇ ತರೋಕಾಯ್ತು ಕಂದ."

ಹುಡುಗಿ ಕಿವಿಯ ಅಂಚಿನ ತನ್ನ ಗುರುತನ್ನು ಬೆರಳಿಂದ ಸವರಿ ನೋಡಿದಳು. "ಮರಿ?" ಅಂದಳು.

"ಅದೂ ಅಮ್ಮನ ಜೊತೇನೇ ಹೋಯ್ತು."

ಇಂಗಾ ಅಳಲಿಲ್ಲ. ಕಿವಿಗಳನ್ನು ತೆಗೆದುಕೊಂಡು ಅಮ್ಮನ ಬಳಿಗೆ ಹೋದಳು. ಅಂದಿನಿಂದ ಅತ್ತೆಯ ಮಡಿಲಿಗೆ ಬರುವುದನ್ನು ಬಿಟ್ಟಳು. ರಾವ್ನಾಳ ಎಡಗಾಲಿನ ಎರಡು ಬೆರಳುಗಳು ಹಿಮ ಕಚ್ಚಿ ಕಪ್ಪಾಗಿದ್ದವು. ಗಾರೆನ್ ಅಳುತ್ತಲೇ ಅವನ್ನು ಕತ್ತರಿಸಿ ತೆಗೆದಳು. ರಾವ್ನಾ ಹಲ್ಲುಕಚ್ಚಿ ಕುಳಿತಿದ್ದಳು, ಆಗಲೂ ಬೈಯಲಿಲ್ಲ. ಬೈದಿದ್ದರೆ ಗಾರೆನ್‌ಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಸೂರ್ಯ ಬಂದ. ಹಿಂಡು ಕರಗಿ ಅರ್ಧವಾಗಿತ್ತು, ಆದರೆ ಅರ್ಧ ಇತ್ತು! ಬೇರೆ ಹಟ್ಟಿಗಳಲ್ಲಿ ಕಿವಿಗಳನ್ನು ಚೀಲದಲ್ಲಿ ತುಂಬಿದ ಸುದ್ದಿ ಬರುತ್ತಿತ್ತು. ರಾವ್ನಾಳ ಗುರುತಿನವು ಮಾತ್ರ ಒಂದೂ ಉಳಿದಿರಲಿಲ್ಲ, ಒಂದು ಮುದಿ ಬಂಡಿಹೋರಿ ಬಿಟ್ಟರೆ.

ಆಗಲೇ ಇಂಗಾಳ ಮುಂದಿನ ಹಾಲುಹಲ್ಲು ಬಿದ್ದದ್ದು. ಒಂದು ದಿನ ಮೂಳೆಯ ನೆಣ ಹೀರಲು ಕೊಡುವಾಗ ರಾವ್ನಾ ಕಂಡಳು, ಖಾಲಿ ಒಸಡಿನಲ್ಲಿ ಅಕ್ಕಿಯ ತುದಿಯಷ್ಟು ಬಿಳುಪು. ಅಭ್ಯಾಸಬಲದಿಂದ ಕೂಗಲು ಬಾಯಿ ತೆರೆದಳು. ಕೂಗಿ ಏನು ಕೊಡುವುದು? ಮುದಿಹೋರಿಯನ್ನೇ? ಹುಡುಗಿಯ ಬಾಯಿಯನ್ನು ಮೆಲ್ಲಗೆ ಮುಚ್ಚಿ, "ತಿನ್ನು" ಅಂದು ಅತ್ತ ತಿರುಗಿಕೊಂಡಳು. ಎಳೆಗೂಸಿನ ಬಾಯಿಗೆ ಕಣ್ಣು ಮುಚ್ಚಿಕೊಳ್ಳುವ ದೊಡ್ಡಪ್ಪನನ್ನು ಅಷ್ಟು ವರ್ಷ ಆಡಿಕೊಂಡವಳಿಗೆ ತಾನೇ ಈಗ ಕಣ್ಣು ಮುಚ್ಚಿಕೊಂಡದ್ದು ಎದೆಗೆ ಚುಚ್ಚಿತು.

ಬೇಸಿಗೆಯ ಮೇವಿಗೆ ಕರಾವಳಿಯ ಕಡೆ ಹೊರಡುವ ಮುಂಚೆ ಒಂದು ಮಧ್ಯಾಹ್ನ ಆಸ್ಲಾಕ್ ಇಸ್ಸಾತನ ಗುಡಾರಕ್ಕೆ ಬಂದ. ಗಾರೆನ್ ಕಾಫಿಗಿಟ್ಟಳು. ಮುದುಕ ಒಲೆಯ ಪಕ್ಕ ಕುಳಿತು ಟೋಪಿ ತೆಗೆದ, ಕೆಮ್ಮಿದ.

"ಏ ಹುಡುಗಿ, ಬಾರೇ ಇಲ್ಲಿ. ಬಾಯಿ ತೆಗಿ."

ಗಾರೆನ್‌ಳ ಕೈಯಲ್ಲಿ ಕಾಫಿ ಕೆಟಲು ಅಲ್ಲೇ ನಿಂತಿತು. ಇಂಗಾ ಹೆದರಿ ಬಾಯಿ ತೆರೆದಳು.

"ದೊಡ್ಡದಾಗಿ ತೆಗಿಯೇ. ಆ ಅನ್ನು." ಮುದುಕ ಕತ್ತು ಚಾಚಿ, ಕಣ್ಣು ಕಿರಿದು ಮಾಡಿ, ಬಾವಿಗೆ ಇಣುಕುವವನಂತೆ ಇಣುಕಿದ. "ಅಗೋ! ಹಲ್ಲು! ಎಲ್ಲರೂ ಕೇಳಿಸ್ಕೊಳ್ಳಿ, ನಾನೇ ಮೊದಲು ನೋಡಿದ್ದು!"

"ದೊಡ್ಡಪ್ಪ, ಅದು ಹಾಲುಹಲ್ಲಲ್ಲ, ಬಿದ್ದು ಬಂದಿರೋದು. ಅದಕ್ಕೆಲ್ಲಾ ಕೊಡೋದು ಎಲ್ಲೂ ಇಲ್ಲ..." ಅಂದಳು ಗಾರೆನ್.

"ನಿನ್ನೆ ಬಂದೋಳು ನನಗೆ ಪದ್ಧತಿ ಹೇಳ್ಕೊಡ್ತೀಯಾ? ಹಲ್ಲು ಅಂದ್ರೆ ಹಲ್ಲು. ನನ್ನ ಹಿಂಡಲ್ಲಿ ಆ ಕರೀ ಹೆಣ್ಣಿದೆಯಲ್ಲ, ಗಬ್ಬದ್ದು, ಅದು ಈ ಹುಡುಗೀದು." ಆಮೇಲೆ ಮೂಲೆಯ ಕಡೆ ತಿರುಗಿದ. "ಏನೇ ರಾವ್ನಾ, ನೀನೇನಾದ್ರೂ ಮೊದಲೇ ನೋಡಿದ್ಯಾ? ನೋಡಿದ್ರೆ ಈಗಲೇ ಹೇಳ್ಬಿಡು."

"ಇಲ್ಲ ದೊಡ್ಡಪ್ಪ" ಅಂದಳು ರಾವ್ನಾ. "ನಾನು ನೋಡಿಲ್ಲ."

"ಅತ್ತೆ ನೋಡಿದ್ಲು!" ಎಂದು ಇಂಗಾ ತೆರೆದ ಬಾಯಲ್ಲೇ ಕಿರುಚಿದಳು. "ಮೊನ್ನೇನೇ ನೋಡಿದ್ಲು! ನೋಡಿ ಬಾಯಿ ಮುಚ್ಚಿದ್ಲು!"

ಆಸ್ಲಾಕ್ ಕಿವಿಯ ಹಿಂದೆ ಕೈಯಿಟ್ಟ.

"ಏನಂದ್ಲು ಇವಳು? ನನಗೆ ಈಚೆಗೆ ಕಣ್ಣು ಚೆನ್ನಾಗಿ ಕಾಣ್ಸುತ್ತೆ, ಕಿವಿ ಮಾತ್ರ ಕೇಳ್ಸಲ್ಲ." ಟೋಪಿ ಹಾಕಿಕೊಂಡು ಎದ್ದ. ಬಾಗಿಲ ತೆರೆ ಎತ್ತಿ, ಬೆನ್ನು ಈಚೆ ಇರುವಂತೆಯೇ ಅಂದ: "ಗುರುತು ನಾನು ಕೊಯ್ತೀನಿ. ಗಂಟೆ ಮಾತ್ರ ನೀನೇ ಕಟ್ಬೇಕು ರಾವ್ನಾ. ಹಿಂಡಿನ ಮುಂದೆ ನೀನೇ ಇರ್ಬೇಕು. ಬೇರೆಯೋರ ಹಿಂದೆ ನನ್ನ ಸಾರಂಗ ಬರಲ್ಲ."

ತೆರೆ ಬಿತ್ತು. ಇಂಗಾ ತನ್ನ ಪೆಟ್ಟಿಗೆ ಕೆದಕಿ ಗಂಟೆ ತಂದಳು, ಒಂದು ಗಳಿಗೆ ಅತ್ತೆಯ ಮುಖ ನೋಡುತ್ತ ನಿಂತಳು, ಆಮೇಲೆ ಗಂಟೆಯ ಸಮೇತ ಅವಳ ಮಡಿಲಿಗೆ ಹತ್ತಿ ಕುಳಿತಳು. ರಾವ್ನಾ ಹುಡುಗಿಯ ನೆತ್ತಿಯ ಮೇಲೆ ಗಲ್ಲವೂರಿದಳು. ಕೊನೆಗೆ ಕೈಚಾಚಿ ಕಾಫಿ ಬಟ್ಟಲು ತೆಗೆದು ಒಂದು ಗುಟುಕು ಕುಡಿದಳು. ಮುಖ ಹಿಂಡಿದಳು.

"ಥೂ! ಯಾರೇ ಕಾಯಿಸಿದ್ದು ಇದನ್ನ? ಕಾಫೀನೋ ನಾಯಿ ತೊಳೆದ ನೀರೋ? ಆರೇಳು ವರ್ಷ ಆಯ್ತು ಈ ಮನೆಗೆ ಬಂದು, ಇನ್ನೂ ಒಂದು ಬಟ್ಟಲು ಕಾಫಿ ಮಾಡೋದು ಕಲೀಲಿಲ್ಲವಲ್ಲೇ!"

"ಇಲ್ಲ ಅತ್ತಿಗೆ, ಕಲೀಲಿಲ್ಲ" ಅಂದಳು ಗಾರೆನ್. ಕಣ್ಣು ಒರೆಸಿಕೊಂಡು, ಒಲೆಗೆ ಎರಡು ಕಟ್ಟಿಗೆ ಹಾಕಿ, ಮತ್ತೆ ಕಾಫಿಗಿಟ್ಟಳು.